ಮಳೆ ಬಂದರೆ ಕೇಡೆ?

‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಹೊಲಗದ್ದೆಗಳನ್ನು ನಂಬಿದ ಜನ ಮಾಡಿಕೊಂಡ ಮಾತು ಅದು. ಮಗ ಎರಡು ತುತ್ತು ಹೆಚ್ಚಾಗಿ ಉಂಡನೆಂದು ಲೆಕ್ಕ ಬರೆದಿಡುವ ತಾಯಿ ಇಲ್ಲ. ಮಳೆ ಎರಡು ದಿನ ಹೆಚ್ಚಾಗಿ ಬಂದಿತೆಂದು ಮುಗಿಲಿನ ಮೇಲೆ ದೂರು ಹೇಳುವ ಬೇಸಾಯಗಾರನೂ ಇರಬಾರದು ಎಂಬುದು ಅದರ ತಾತ್ಪರ್ಯ. ಇದಕ್ಕೆ ನೇರವಾಗಿ ಎದುರು ನಿಲ್ಲುವ ಇನ್ನೊಂದು ಮಾತು ನಮ್ಮ ಪಟ್ಟಣಗಳಲ್ಲಿ ನೆಲೆಗೊಂಡಿದೆ: ‘ಮಳೆ ಬಂದು ದಿನವೆಲ್ಲ ಹಾಳಾಯಿತು.’ ಭಾನುವಾರ ನಂದಿಬೆಟ್ಟಕ್ಕೆ ಹೊರಟವರು, ಸಂಜೆಯ ಕ್ರಿಕೆಟ್ ಪಂದ್ಯಕ್ಕೆ ಟಿಕೆಟು ಕೊಂಡವರು, ಆರತಕ್ಷತೆಗೆಂದು ಬಯಲಿನಲ್ಲಿ ಶಾಮಿಯಾನ ಹಾಕಿಸಿದವರು, ಎಲ್ಲರ ಬಾಯಲ್ಲೂ ಇದೇ ಮಾತು. ಮೊದಲನೆಯ ಮಾತನ್ನು ಆಡಿದ ಅಜ್ಜನ ಮೊಮ್ಮಗನೇ ಎರಡನೆಯದನ್ನೂ ಆಡುತ್ತಾನೆ. ಆಡುವಾಗ ಅಜ್ಜನ ನೆನಪು ಅವನಿಗೆ ಬರುವುದಿಲ್ಲ.

ಗಾದೆಯ ಮಾತು ಸರಿಯೋ, ಮೊಮ್ಮಗನ ಮಾತು ಸರಿಯೋ? ಊರು ನೋಡಲು ಹೊರಟ ಮನುಷ್ಯ, ಮಳೆ ಬಂದುದರಿಂದ ದಿನ ಹಾಳಾಯಿತು ಎಂದರೆ, ಹಾಳಾದದ್ದು ನಿಜವಾಗಿ ಏನು? ಹಾಗೆನ್ನಲು ಅವನಿಗಿರುವ ಅಧಿಕಾರವಾದರೂ ಯಾವುದು? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ನಾವು ಜಗತ್ತಿನೆದುರು ಸಾಲ ಕೊಟ್ಟವರಂತೆ ನಿಲ್ಲುತ್ತೇವೆಯೋ ಸಾಲ ಪಡೆದವರಂತೆ ನಿಲ್ಲುತ್ತೇವೆಯೋ ಎಂಬ ದೊಡ್ಡ ಪ್ರಶ್ನೆ ಇದರ ಬೆನ್ನಿಗೆ ಅಂಟಿಕೊಂಡಿದೆ. ಅದಕ್ಕಾಗಿ ಇದನ್ನು ಎತ್ತಿಕೊಂಡಿದ್ದೇನೆ.

ಉಳವಿ ಎಂದೊಡನೆ ಹೆಚ್ಚಿನ ಓದುಗರಿಗೆ ನೆನಪಾಗುವುದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿರುವ ಚೆನ್ನಬಸವಣ್ಣನ ಉಳವಿ. ನಾನು ಹುಟ್ಟಿದ್ದು ಇನ್ನೊಂದು ಉಳವಿಯಲ್ಲಿ; ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಹೋಬಳಿ ಊರು ಅದು. ಪೂರ್ತಿ ಮಲೆನಾಡೂ ಅಲ್ಲ, ಬಯಲುಸೀಮೆಯಂತೂ ಅಲ್ಲ. ಮಳೆ ಚೆನ್ನಾಗಿ ಬಂದರೆ ಮಲೆನಾಡು, ಕೈಕೊಟ್ಟರೆ ಬಯಲುಸೀಮೆ. ಅಲ್ಲಿ ಮಳೆಗೆ ಒಂದೊಂದು ಹೆಸರಿದೆ. ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು ಎಂದು ನೆಂಟರನ್ನು ಹೆಸರಿಡಿದು ಕರೆದಂತೆ ಕರೆಯುತ್ತಾರೆ. ‘ಈ ಸಲ ಆರಿದ್ರೆ ಬರಲೇ ಇಲ್ಲ’ ಎನ್ನುವಾಗಿನ ದನಿ, ಹಬ್ಬಕ್ಕೆ ಬಾರದೆ ಹೋದ ಮಗಳ ವಿಷಯ ಹೇಳುವಾಗಿನ ದನಿಯೇ. 2023ರಲ್ಲಿ ಮುಂಗಾರು ಹಾಗೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಆ ವರ್ಷ ಘೋಷಿಸಿತು. ಮರುವರ್ಷದ ಬೇಸಿಗೆಯಲ್ಲಿ ನಮ್ಮ ಅವ್ವ ದಿನಕ್ಕೆ ಎರಡು ಸಲ ಬಾವಿಗೆ ಬಗ್ಗಿ ನೀರಿನ ಮಟ್ಟ ನೋಡುವುದನ್ನು ರೂಢಿ ಮಾಡಿಕೊಂಡಿದ್ದಳು.

ಆ ಬೇಸಿಗೆಯಲ್ಲಿಯೇ, ಎಂದರೆ 2024ರ ಮೇ ತಿಂಗಳಲ್ಲಿ, ಎಪ್ಪತ್ತನಾಲ್ಕು ವರ್ಷದ ಅವ್ವನನ್ನು ಕರೆದುಕೊಂಡು ನಾನು, ನನ್ನಾಕೆ ಮತ್ತು ಹತ್ತು ವರ್ಷದ ಮಗಳು ಲಂಡನ್ನಿಗೆ ಹೋದೆವು. ಅಲ್ಲಿ ನನ್ನ ತಮ್ಮ ಕೆಲಸದಲ್ಲಿದ್ದಾನೆ. ಅವನಿಗೆ ಸಿಕ್ಕಿದ್ದು ಒಂದು ದಿನದ ರಜೆ. ಆ ಒಂದು ದಿನದಲ್ಲಿ ಅವ್ವನಿಗೆ ಲಂಡನ್ ತೋರಿಸಬೇಕೆಂದು ಅವನು ಬೆಳಗಿನ ಒಂಬತ್ತರಿಂದ ಸಂಜೆ ಆರರವರೆಗೆ ಗಂಟೆಗೆ ಗಂಟೆ ಹೊಂದಿಸಿ ಪಟ್ಟಿ ಮಾಡಿದ್ದ. ಮೊದಲು ಅರಮನೆಯ ಮುಂದೆ ಕಾವಲು ಬದಲಾಗುವುದನ್ನು ನೋಡುವುದು. ಆಮೇಲೆ ತೆರೆದ ಮಾಳಿಗೆಯ ಬಸ್ಸಿನಲ್ಲಿ ಊರು ಸುತ್ತುವುದು. ಮಧ್ಯಾಹ್ನ ‘ಲಂಡನ್ ಐ’ ಎಂಬ 135 ಮೀಟರು ಎತ್ತರದ ಚಕ್ರವನ್ನೇರಿ ಇಡೀ ಊರನ್ನು ಒಂದೇ ನೋಟಕ್ಕೆ ತಂದುಕೊಳ್ಳುವುದು. ಕೊನೆಗೆ ಥೇಮ್ಸ್ ನದಿಯಲ್ಲಿ ದೋಣಿವಿಹಾರ.

ಅಂದು ಬೆಳಗಿನಿಂದಲೇ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಯಂತೆ ಹೆಂಚು ಒಡೆಯುವ ಮಳೆಯಲ್ಲ, ಸೋನೆ. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವುದು 7000 ಮಿಲಿಮೀಟರಿಗೂ ಹೆಚ್ಚು. ಮಳೆಯ ಊರೆಂದು ಜಗತ್ತೆಲ್ಲ ಹೆಸರು ಮಾಡಿರುವ ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರು. ಆದರೆ ಆ ಸ್ವಲ್ಪವನ್ನೇ ಅದು ಜಿಪುಣನ ಮನೆಯ ತುಪ್ಪದಂತೆ ಹನಿಹನಿಯಾಗಿ, ದಿನವಿಡೀ ಬಡಿಸಬಲ್ಲುದು. ಹನಿ ಸ್ವಲ್ಪ ಜೋರಾದಾಗ ಕಾವಲು ಬದಲಾಯಿಸುವ ಸಂಭ್ರಮವನ್ನು ಕೈಬಿಟ್ಟರು. ಮಳೆ ಜೋರಾದರೆ ಹಾಗೆ ಮಾಡುವುದು ಅಲ್ಲಿಯ ಪದ್ಧತಿ. ಕರಡಿತುಪ್ಪಳದ ಎತ್ತರದ ಟೋಪಿ ಹಾಕಿದ ಸಿಪಾಯಿಗಳನ್ನು ನೋಡಲೆಂದೇ ಬಂದಿದ್ದ ನನ್ನ ಮಗಳು ಅತ್ತಳು. ತಮ್ಮನ ಮುಖ ಅವಳ ಮುಖಕ್ಕಿಂತ ಚಿಕ್ಕದಾಯಿತು. ಮಳೆ ಬಂದುದು ತನ್ನದೇ ಅಪರಾಧವೆಂಬಂತೆ ಅವನು ಎಲ್ಲರ ಕ್ಷಮೆ ಕೇಳತೊಡಗಿದ. ‘ದಿನ ಪೂರ್ತಿ ಹಾಳಾಯ್ತು, ಅವ್ವ. ನಿನಗೆ ಏನೂ ತೋರಿಸೋಕಾಗಲಿಲ್ಲ’ ಎಂದ. ಅವ್ವ ಕೊಡೆಯಿಂದ ಕೈ ಹೊರಗೆ ಚಾಚಿ ನಾಲ್ಕು ಹನಿ ಹಿಡಿದು, ‘ಮಳೆ ಬಂದ್ರೆ ಕೇಡಾ ಮಾರಾಯ? ಇದು ನಮ್ಮೂರಿಗೆ ಬೀಳಬಾರದಿತ್ತಾ?’ ಎಂದಳು.

ಅವಳ ಮಾತಿನಲ್ಲಿ ಉಪದೇಶವೇನೂ ಇರಲಿಲ್ಲ. ಬಾವಿಗೆ ಬಗ್ಗಿ ನೋಡುವವಳ ಕಣ್ಣಿಗೆ ನೀರು ಚರಂಡಿಗೆ ಹರಿದುಹೋಗುವುದು ಕಂಡಿತ್ತು, ಅಷ್ಟೆ. ಆದರೆ ತಮ್ಮನ ಮಾತನ್ನೂ ಅವಳ ಮಾತನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಮೊದಲು ಕೇಳಿದ ಪ್ರಶ್ನೆ ಸ್ಪಷ್ಟವಾಗುತ್ತದೆ. ತಮ್ಮನ ಪಾಲಿಗೆ ಹಾಳಾದದ್ದು ಪಟ್ಟಿ. ರಜೆಯ ದಿನವನ್ನು ಅವನು ಬೆಲೆ ಕೊಟ್ಟು ಕೊಂಡಿದ್ದ. ವೀಸಾಕ್ಕೆ, ವಿಮಾನಕ್ಕೆ, ಚಕ್ರಕ್ಕೆ, ಬಸ್ಸಿಗೆ ಹಣ ತೆತ್ತಾಗಿತ್ತು. ಬೆಲೆ ಕೊಟ್ಟ ಮೇಲೆ ಸರಕು ಕೈಗೆ ಬರಬೇಕು. ಬಾರದಿದ್ದರೆ ಯಾರೋ ಮೋಸ ಮಾಡಿದಂತೆ. ಮೋಸ ಮಾಡಿದವರು ಕಾಣದಿದ್ದರೆ ಆ ತಪ್ಪು ಮಳೆಯ ತಲೆಗೆ ಬರುತ್ತದೆ, ಇಲ್ಲವೆ ಒಳ್ಳೆಯವನಾದರೆ ತನ್ನ ತಲೆಗೇ ಬರುತ್ತದೆ.

ನಾನು ತರಗತಿಯಲ್ಲಿ ವ್ಯಾಕರಣ ಹೇಳುವವನು. ಅದರಿಂದ ಒಂದು ಉದಾಹರಣೆ ಕೊಟ್ಟರೆ ಓದುಗರು ಬೇಸರಿಸಬಾರದು. ಕನ್ನಡದಲ್ಲಿ ಕಣ್ಣಿನ ಕೆಲಸಕ್ಕೆ ಎರಡು ಮುಖ್ಯ ಕ್ರಿಯಾಪದಗಳಿವೆ: ನೋಡು, ಕಾಣು. ‘ನಾನು ಬೆಟ್ಟವನ್ನು ನೋಡುತ್ತೇನೆ’ ಎಂಬಲ್ಲಿ ಕರ್ತೃ ನಾನು. ಬೆಟ್ಟ ನನ್ನ ಕೆಲಸಕ್ಕೆ ಸಿಕ್ಕಿದ ಕರ್ಮ. ‘ನನಗೆ ಬೆಟ್ಟ ಕಾಣುತ್ತದೆ’ ಎಂಬಲ್ಲಿ ಕರ್ತೃ ಬೆಟ್ಟ. ನಾನು ಅಲ್ಲಿ ಚತುರ್ಥಿ ವಿಭಕ್ತಿಗೆ ಸರಿದಿದ್ದೇನೆ. ಚತುರ್ಥಿಯ ಕಾರಕಕ್ಕೆ ಸಂಪ್ರದಾನವೆಂದು ಹೆಸರು. ಕೊಟ್ಟದ್ದನ್ನು ಪಡೆಯುವವನ ಜಾಗ ಅದು. ‘ನಾನು ಬೆಟ್ಟವನ್ನು ಕಂಡೆ’ ಎಂದೂ ಹೇಳುತ್ತೇವೆ, ನಿಜ. ಆದರೆ ಅಲ್ಲಿಯೂ ಎದುರಿಗೆ ಬಂದದ್ದು ಕಣ್ಣಿಗೆ ಬಿತ್ತು ಎಂಬ ಅರ್ಥವೇ ಮುಂದೆ ನಿಲ್ಲುತ್ತದೆ. ‘ನೋಡು’ ಎಂದು ಮಕ್ಕಳಿಗೆ ಅಪ್ಪಣೆ ಮಾಡುತ್ತೇವೆ. ‘ಕಾಣು’ ಎಂದು ಅಪ್ಪಣೆ ಮಾಡುವುದು ನಮ್ಮ ಕಡೆಯ ಆಡುಮಾತಿನಲ್ಲಿ ಇಲ್ಲ. ಕುಂದಾಪುರದವರು ‘ಕಾಣಿ’ ಎಂದು ಬಾಯ್ತುಂಬ ಹೇಳುತ್ತಾರೆ, ಅವರಿಗೆ ವಿನಾಯಿತಿ ಕೊಡೋಣ. ನೋಡುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಹೊತ್ತು ಗೊತ್ತುಮಾಡಬಹುದು, ಟಿಕೆಟು ಕೊಳ್ಳಬಹುದು. ಕಾಣುವುದು ಹಾಗಲ್ಲ.

ಈ ಭೇದವನ್ನು ವ್ಯಾಕರಣ ಓದದೆಯೇ ಅರಿಯಬೇಕಾದರೆ ಆಷಾಢ ಶ್ರಾವಣಗಳಲ್ಲಿ ಜೋಗಕ್ಕೆ ಹೋಗಬೇಕು. ನಮ್ಮೂರಿನಿಂದ ಸಾಗರದ ದಾರಿ ಹಿಡಿದರೆ ಅದೇನೂ ದೂರವಲ್ಲ. ಬೇಸಿಗೆಯಲ್ಲಿ ಹೋದರೆ 253 ಮೀಟರಿನ ಬಂಡೆ ಪೂರ್ತಿ ಕಾಣುತ್ತದೆ. ನೀರು ಮಾತ್ರ ದಾರದಷ್ಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಮೇಲೆ ಶರಾವತಿಯ ನೀರು ವಿದ್ಯುತ್ತಿನ ಲೆಕ್ಕಕ್ಕೆ ಹೋಯಿತು. ಮಳೆಗಾಲದಲ್ಲಿ ನೀರು ತುಂಬಿ ಧುಮುಕುತ್ತದೆ. ಆದರೆ ಕಣಿವೆಯ ತುಂಬ ಮಂಜು. ಕಟಕಟೆ ಹಿಡಿದು ನಿಂತವರಿಗೆ ಕಾಣುವುದು ಬಿಳಿಯ ಗೋಡೆ, ಕೇಳುವುದು ಮೊರೆತ. ನೂರಾರು ಜನ ಸುಮ್ಮನೆ ನಿಂತು ಕಾಯುತ್ತಾರೆ. ಯಾವುದೋ ಗಳಿಗೆಯಲ್ಲಿ ಗಾಳಿ ತಿರುಗಿ ಮಂಜು ಸರಿದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಎದ್ದು ಬರುತ್ತವೆ. ಆಗ ಅಷ್ಟೂ ಜನರ ಬಾಯಿಂದ ಬರುವ ಮಾತು ‘ಕಾಣ್ತು, ಕಾಣ್ತು!’ ಎಂದು. ‘ನೋಡಿದೆ, ನೋಡಿದೆ’ ಎಂದು ಕೂಗಿದವನನ್ನು ನಾನು ಕೇಳಿಲ್ಲ. ಅರ್ಧ ನಿಮಿಷದಲ್ಲಿ ಮತ್ತೆ ಮಂಜು ಮುಚ್ಚುತ್ತದೆ. ಗಂಟೆಗಟ್ಟಲೆ ಕಾದರೂ ಮಂಜು ಸರಿಯದೆ ಹಿಂತಿರುಗುವವರೂ ಉಂಟು. ಅವರು ಯಾರ ಮೇಲೆ ದಾವೆ ಹೂಡಬೇಕು?

ಇನ್ನು ನೋಡುವುದನ್ನೇ ಅದರ ತುದಿಯವರೆಗೆ ಎಳೆದರೆ ಏನಾಗುತ್ತದೆ? ಮಳೆಗಾಲ ಬೇಸಿಗೆಯೆನ್ನದೆ, ಮಂಜು ಗಾಳಿಯೆನ್ನದೆ, ಬೇಕೆಂದಾಗ ಬೇಕಾದವರಿಗೆ ನೋಡಲು ಸಿಗಬೇಕು ಎಂದು ಹಟ ಹಿಡಿದರೆ, ವಸ್ತುವನ್ನು ಅದಿರುವ ಸ್ಥಳದಿಂದ ಕಿತ್ತು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ. ಅಂದು ಮಳೆಯಿಂದ ತಪ್ಪಿಸಿಕೊಳ್ಳಲು ನಾವು ಹೊಕ್ಕದ್ದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು. ಟಿಪ್ಪುವಿನ ಮರದ ಹುಲಿ ಇರುವುದು ಅಲ್ಲಿಯೇ. ಕೆಳಗೆ ಬಿದ್ದ ಬಿಳಿಯ ಮನುಷ್ಯನ ಮೇಲೆ ಎರಗಿದ ಹುಲಿ. ಹೊಟ್ಟೆಯೊಳಗೆ ಸಣ್ಣ ಆರ್ಗನ್ ವಾದ್ಯ. ಹಿಡಿ ತಿರುಗಿಸಿದರೆ ಮನುಷ್ಯ ಕೈಯೆತ್ತಿ ನರಳುವಂತೆ ಯಂತ್ರದ ಏರ್ಪಾಡು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಕೈವಶವಾದ ವಸ್ತುಗಳಲ್ಲಿ ಅದೂ ಒಂದು. 1808ರಿಂದ ಲಂಡನ್ನಿನ ಜನ ಅದನ್ನು ನೋಡುತ್ತ ಬಂದಿದ್ದಾರೆ. ದೀಪದ ಬೆಳಕಿನಲ್ಲಿ ಅದು ನಿಚ್ಚಳವಾಗಿತ್ತು. ಒಂದು ಹನಿ ಮಳೆಯೂ ಅದನ್ನು ಮರೆಮಾಡುವಂತಿರಲಿಲ್ಲ. ಅವ್ವ ಸುತ್ತ ಒಂದು ಬಳಸು ಬಂದು, ‘ನಮ್ಮ ಕಡೇದಾ? ಹಂಗಾರೆ ಇಲ್ಲಿ ಎಂತಕ್ಕೈತೆ?’ ಎಂದು ಕೇಳಿದಳು. ಅದರ ನ್ಯಾಯಾನ್ಯಾಯಗಳ ಚರ್ಚೆ ಬೇರೆ. ಇಷ್ಟು ಮಾತ್ರ ಹೇಳುತ್ತೇನೆ: ತಪ್ಪದೆ ನೋಡಲು ಸಿಗಬೇಕೆಂಬ ಬಯಕೆಗೂ ಹೊತ್ತು ತರುವ ಕೈಗೂ ನಡುವೆ ನಾವೆಣಿಸಿದಷ್ಟು ದೂರವಿಲ್ಲ. ಸೊರಬ ಶಿಕಾರಿಪುರಗಳ ಕೆರೆಯೇರಿಗಳ ಮೇಲೆ, ಗುಡಿಗಳ ಹಿಂದೆ, ವೀರಗಲ್ಲುಗಳು ನೂರಾರು ವರ್ಷ ಮಳೆಯಲ್ಲಿ ತೊಯ್ಯುತ್ತ ನಿಂತಿವೆ. ಅವುಗಳ ಮುಂದೆ ದೀಪವಿಲ್ಲ, ವಿವರದ ಚೀಟಿಯಿಲ್ಲ. ಹಾವಸೆ ತೊಳೆದುಹೋದ ದಿನ ಹತ್ತಿರ ಹೋದವನಿಗೆ ನಾಲ್ಕು ಅಕ್ಷರ ಕಾಣುತ್ತವೆ. ಆ ಕಲ್ಲು ಇನ್ನೂ ತನ್ನ ಊರಿನಲ್ಲಿದೆ.

ಮಧ್ಯಾಹ್ನ ಚಕ್ರವನ್ನೇನೋ ಏರಿದೆವು. ಟಿಕೆಟು ಮೊದಲೇ ಕೊಂಡಾಗಿತ್ತು. ಮೇಲೆ ಹೋದಾಗ ಮೋಡ ಗಾಜಿಗೆ ಒರಗಿ ನಿಂತಿತ್ತು. ದೂರದ ಲಂಡನ್ ಮಾಯವಾಗಿತ್ತು. ಬೆಳಿಗ್ಗೆ ಅತ್ತಿದ್ದ ಮಗಳು ಗಾಜಿಗೆ ಹಣೆಯೊತ್ತಿ ನೇರ ಕೆಳಗೆ, ಸೇತುವೆಯ ಮೇಲೆ ಹರಿಯುತ್ತಿದ್ದ ಕೊಡೆಗಳಲ್ಲಿ ಕೆಂಪು ಬಣ್ಣದವೆಷ್ಟು ಎಂದು ಎಣಿಸುತ್ತಿದ್ದಳು. ಇಳಿದು ಬಂದಾಗ ಹನಿ ತೆಳುವಾಗಿತ್ತು. ದೋಣಿ ಬೇಡವೆಂದು ಅವ್ವ ಖಂಡಿತವಾಗಿ ಹೇಳಿದ್ದರಿಂದ ನದಿಯ ದಂಡೆ ಹಿಡಿದು ನಡೆದೆವು. ಆಚೆ ದಡದಲ್ಲಿ ಪಾರ್ಲಿಮೆಂಟಿನ ಕಟ್ಟಡ. ಈಚೆ ನಮ್ಮ ಪಕ್ಕಕ್ಕೆ ಒಂದು ಉದ್ದನೆಯ ಗೋಡೆ. ಸುಮಾರು ಅರ್ಧ ಕಿಲೋಮೀಟರು ಉದ್ದಕ್ಕೂ ಅದರ ಮೇಲೆ ಕೆಂಪು ಬಣ್ಣದಲ್ಲಿ ಹೃದಯದ ಚಿಹ್ನೆಗಳು, ಒಂದರ ಪಕ್ಕ ಒಂದು, ಸಾವಿರ ಸಾವಿರ. ಕೋವಿಡ್ ಕಾಯಿಲೆಯಲ್ಲಿ ತೀರಿಕೊಂಡ ಆ ದೇಶದ ಒಬ್ಬೊಬ್ಬರಿಗೂ ಒಂದೊಂದು. 2021ರ ಮಾರ್ಚ್ ತಿಂಗಳಲ್ಲಿ ಬರೆಯಲು ಮೊದಲು ಮಾಡಿದರು. ಬಿಸಿಲು ಮಳೆಗೆ ಬಣ್ಣ ಮಾಸುತ್ತದೆ. ಮಾಸಿದ್ದನ್ನು ಸ್ವಯಂಸೇವಕರು ಮತ್ತೆ ಬರೆಯುತ್ತಾರೆ. ಇದು ತಮ್ಮನ ಪಟ್ಟಿಯಲ್ಲಿ ಇರಲಿಲ್ಲ.

ನಮ್ಮ ಅಪ್ಪ ತೀರಿಕೊಂಡದ್ದು ಆ ಕಾಯಿಲೆಯಲ್ಲಿಯೇ, 2021ರ ಮೇ ತಿಂಗಳಲ್ಲಿ. ಅವ್ವನಿಗೆ ಕೊನೆಯಲ್ಲಿ ಮುಖ ಕಾಣಲಿಲ್ಲ. ಸುತ್ತಿ ಕೊಟ್ಟದ್ದನ್ನು ದೂರದಿಂದ ನೋಡಿದಳು, ಅಷ್ಟೆ. ಬ್ರಿಟಿಷ್ ಸರ್ಕಾರ ಆ ವರ್ಷದ ಏಪ್ರಿಲ್ 23ರಿಂದ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತ್ತು. ತಮ್ಮನಿಗೆ ಬರಲಾಗಲಿಲ್ಲ. ಅವ್ವ ಗೋಡೆಯ ಮೇಲಿರುವುದು ಏನೆಂದು ಕೇಳಿ ತಿಳಿದುಕೊಂಡು ಬಹಳ ಹೊತ್ತು ನಿಂತಳು. ಒದ್ದೆ ಗೋಡೆಯ ಮೇಲೆ ಅಂಗೈ ಇಟ್ಟಳು. ತಮ್ಮ ಅವಳ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ. ತಾಯಿ ಮಗ ಇಬ್ಬರೂ ಅಪ್ಪನ ವಿಷಯವಾಗಿ ಮೂರು ವರ್ಷಗಳಲ್ಲಿ ಆಡದಿದ್ದ ಮಾತುಗಳನ್ನು ಆ ಗೋಡೆಯ ಬಳಿ ಆಡಿದರು. ಅವು ಅವರಿಬ್ಬರ ಮಾತುಗಳು, ಇಲ್ಲಿ ಬರೆಯಲಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ‘ಹಾಗಾದರೆ ಮಳೆ ಬಂದದ್ದು ಒಳ್ಳೆಯದೇ ಆಯಿತು, ದೋಣಿ ತಪ್ಪಿತು, ಅದಕ್ಕಿಂತ ದೊಡ್ಡದು ದೊರಕಿತು’ ಎಂದು ಯಾರಾದರೂ ಸಮಾಧಾನ ಹೇಳಬಹುದು. ನಾನು ಹಾಗೆ ಹೇಳುವುದಿಲ್ಲ. ಅದೂ ವ್ಯಾಪಾರದ ಮಾತೇ. ನಷ್ಟದ ಕಡೆಯಲ್ಲಿ ಬರೆದಿದ್ದನ್ನು ಅಳಿಸಿ ಲಾಭದ ಕಡೆಯಲ್ಲಿ ಬರೆದಂತಾಯಿತು. ಲೆಕ್ಕದ ಪುಸ್ತಕ ಹಾಗೆಯೇ ಉಳಿಯಿತು. ಮುಂದಿನ ಸಲ ಮಳೆ ಬಂದು ಏನೂ ದೊರಕದಿದ್ದರೆ ಅದೇ ಪುಸ್ತಕ ತೆಗೆದು ಮತ್ತೆ ದೂರು ಬರೆಯುತ್ತೇವೆ. ಆ ಗೋಡೆ ಕಾಣದೆ ಹೋಗಿದ್ದರೂ, ಒದ್ದೆ ಕಾಲುಚೀಲಗಳೊಡನೆ ಬರಿಗೈಯಲ್ಲಿ ಮನೆಗೆ ಬಂದಿದ್ದರೂ, ಅವ್ವನ ಮಾತು ಅಷ್ಟೇ ನಿಜವಾಗಿರುತ್ತಿತ್ತು. ಏಕೆಂದರೆ ಅವಳ ಮಾತು ಫಲವನ್ನು ಅವಲಂಬಿಸಿದ್ದಲ್ಲ. ಮಳೆ ಆ ಊರಿನದು. ಆ ಊರಿನ ಹುಲ್ಲಿಗೆ, ನದಿಗೆ, ಜನರ ಕುಡಿಯುವ ನೀರಿಗೆ ಅದು ಬೇಕು. ನಾವು ಅಲ್ಲಿ ಒಂದು ದಿನದ ಅತಿಥಿಗಳು. ಅತಿಥಿಯನ್ನು ದೇವರೆಂದು ಉಪಚರಿಸುವುದು ಮನೆಯವರ ಧರ್ಮವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅತಿಥಿಗೂ ಒಂದು ಧರ್ಮವಿದೆ. ಬಡಿಸಿದ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಪಂಕ್ತಿಯಲ್ಲಿ ಕುಳಿತು ಕೂಗುವ ನೆಂಟನನ್ನು ಯಾರೂ ಮೆಚ್ಚುವುದಿಲ್ಲ. ಪರಊರಿನ ಮಳೆಯನ್ನು ಬೈಯುವವನು ಆ ನೆಂಟನ ತಮ್ಮನೇ ಸರಿ.

ಆ ಗೋಡೆಯನ್ನು ದಾಟಿ ಇನ್ನಷ್ಟು ಮುಂದೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ಲಂಡನ್ನಿಗೆ ಹೋದ ಕನ್ನಡಿಗರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದೆ ಬರುವುದು ಕಡಿಮೆ. ಸ್ಥಾವರವನ್ನು ಒಪ್ಪದೆ ಜಂಗಮವನ್ನು ಹಿಡಿದ ಮಹಾನುಭಾವರನ್ನು ಕಂಚಿನಲ್ಲಿ ಸ್ಥಾವರ ಮಾಡಿದ್ದು ವಿಪರ್ಯಾಸವಲ್ಲವೆ ಎಂದು ಕೇಳುವವರಿದ್ದಾರೆ; ಪ್ರಶ್ನೆ ಸರಿಯಾದದ್ದೇ. ಅಂದು ಮಳೆಯಲ್ಲಿ ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವ್ವ ಕೈಮುಗಿದು, ಸೆರಗಿನ ಗಂಟು ಬಿಚ್ಚಿ, ಎರಡು ರೂಪಾಯಿಯ ಒಂದು ನಾಣ್ಯವನ್ನು ಪೀಠದ ಮೇಲೆ ಇಟ್ಟಳು. ‘ಇದು ಇಲ್ಲಿ ನಡೆಯೋದಿಲ್ಲ ಅಜ್ಜಿ’ ಎಂದಳು ಮಗಳು. ‘ನಡೆಸೋಕೆ ಇಟ್ಟಿಲ್ಲ, ಪುಟ್ಟಿ. ಕಾಣಿಕೆ’ ಎಂದಳು ಅವ್ವ.

ಕಾಣಿಕೆ ಎಂಬ ಪದ ಕಾಣು ಎಂಬ ಧಾತುವಿನಿಂದಲೇ ಬಂದದ್ದು. ದೊಡ್ಡವರನ್ನು, ದೇವರನ್ನು ಕಾಣಲು ಹೋಗುವವನು ಒಯ್ಯುವ ವಸ್ತು ಕಾಣಿಕೆ. ನಮ್ಮ ಹಿರಿಯರು ಕಾಣುವುದನ್ನು ಹೇಗೆ ತಿಳಿದಿದ್ದರೆಂಬುದಕ್ಕೆ ಈ ಒಂದು ಪದ ಸಾಕು. ಕಾಣಲು ಹೋಗುವವನು ಬರಿಗೈಯಲ್ಲಿ ಹೋಗಬಾರದು. ಆದರೆ ಅವನು ಕೊಡುವುದು ಕಂಡದ್ದಕ್ಕೆ ಬೆಲೆಯಲ್ಲ. ಬೆಲೆಯಾಗಿದ್ದರೆ ಬಾಗಿಲು ಮುಚ್ಚಿದ್ದ ದಿನ ಅದನ್ನು ಹಿಂದಕ್ಕೆ ಕೇಳಬಹುದಾಗಿತ್ತು. ನೂಕುನುಗ್ಗಲಿನಲ್ಲಿ ದರ್ಶನವಾಗದೆ ಹಿಂತಿರುಗಿದ ಯಾತ್ರಿಕ ಹುಂಡಿಗೆ ಹಾಕಿದ್ದನ್ನು ವಾಪಸು ಕೇಳಿದನೆಂದು ನಾವು ಕೇಳಿಲ್ಲ. ‘ಈ ಸಲ ದರ್ಶನ ಕೊಡಲಿಲ್ಲ’ ಎನ್ನುತ್ತಾನೆ. ಕೊಡುವುದು ಬಿಡುವುದು ಅತ್ತಕಡೆಯ ಇಷ್ಟವೆಂದು ಒಪ್ಪಿಕೊಂಡ ಮಾತು ಅದು. ಊರು ನೋಡಲು ಹೊರಡುವ ನಮ್ಮ ಕೈಯಲ್ಲಿ ಟಿಕೆಟು ಇದೆ, ಕಾಣಿಕೆ ಇಲ್ಲ. ನಾವು ಸಾಲಿಗರಂತೆ, ವಸೂಲಿಗೆ ಹೊರಟವರಂತೆ ಹೊರಡುತ್ತೇವೆ. ಅಂಥವನಿಗೆ ಬಾಕಿದಾರನ ಮನೆಯ ಕಷ್ಟಸುಖ ಕಾಣುವುದಿಲ್ಲ; ಕಾಣುವುದು ಬರಬೇಕಾದ ಬಾಕಿ ಒಂದೇ.

ನನ್ನ ವಾದಕ್ಕೆ ಎರಡು ಆಕ್ಷೇಪಗಳನ್ನು ಎತ್ತಬಹುದು, ಎರಡೂ ಬಲವಾದವು. ಮೊದಲನೆಯದು: ಮಳೆಯಿಂದ ನಿಜವಾದ ಕೇಡು ಆಗುವುದೇ ಇಲ್ಲವೆ? ಆಗುತ್ತದೆ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ರಾಜ್ಯದ ಎಷ್ಟೋ ಊರುಗಳ ಜನ ಮನೆಮಾರು ಕಳೆದುಕೊಂಡರು. ವರದಾ ನದಿ ಉಕ್ಕಿದ ವರ್ಷ ನಮ್ಮ ತಾಲ್ಲೂಕಿನ ನದೀತೀರದ ಗದ್ದೆಗಳಲ್ಲಿ ನಾಟಿಮಾಡಿದ ಸಸಿ ನೀರಿನಡಿಯಲ್ಲಿ ಕೊಳೆಯುತ್ತದೆ. ಅಂಥವರ ಮುಂದೆ ನಿಂತು ‘ಮಳೆ ಬಂದರೆ ಕೇಡಲ್ಲ’ ಎಂದು ಗಾದೆ ಹೇಳುವುದು ಕ್ರೌರ್ಯ. ಅಲ್ಲಿ ಬೇಕಾದದ್ದು ಗಟ್ಟಿಯಾದ ಕೆರೆಯೇರಿ, ನೀರು ಹೋಗಲು ದಾರಿ, ಹೊತ್ತಿಗೆ ತಲುಪುವ ಪರಿಹಾರ. ಅಲ್ಲಿ ದೂರು ಹೇಳುವುದು ಅವರ ಹಕ್ಕು. ಆದರೆ ಇದೇ ಕಾರಣಕ್ಕಾಗಿಯೇ ಪ್ರವಾಸಿ ಆ ಪದವನ್ನು ಮುಟ್ಟಬಾರದು. ಗದ್ದೆ ಕಳೆದುಕೊಂಡವನಿಗೂ ದೋಣಿವಿಹಾರ ಕಳೆದುಕೊಂಡವನಿಗೂ ‘ಹಾಳಾಯಿತು’ ಎಂಬ ಒಂದೇ ಮಾತಾದರೆ, ಮೊದಲನೆಯವನ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಆಶಾಭಂಗ ಬೇರೆ, ಕೇಡು ಬೇರೆ.

ಎರಡನೆಯ ಆಕ್ಷೇಪ ಇನ್ನೂ ಹತ್ತಿರದ್ದು. ಅವ್ವ ಮತ್ತೆ ಅಷ್ಟು ದೂರ ಹೋಗುವುದು ಕಷ್ಟ. ತಮ್ಮನಿಗಿದ್ದುದು ಒಂದ� ದಿನ. ಮಗಳು ಸಿಪಾಯಿಗಳನ್ನು ಆಸೆಪಟ್ಟದ್ದು ಸುಳ್ಳಲ್ಲ. ಮತ್ತೆ ಬಾರದ ದಿನದ ನಷ್ಟವನ್ನು ನಷ್ಟವಲ್ಲವೆಂದು ಹೇಗೆ ಹೇಳುವುದು? ನಷ್ಟವಲ್ಲವೆಂದು ನಾನು ಹೇಳುತ್ತಿಲ್ಲ. ಮಗು ಅತ್ತರೆ ಅಳಲಿ. ಹತ್ತು ವರ್ಷದ ಹುಡುಗಿಗೆ ತತ್ತ್ವ ಬೋಧಿಸುವ ತಂದೆಯಾಗಲು ನನಗೆ ಇಷ್ಟವಿಲ್ಲ. ಬಯಸಿದ್ದು ಸಿಗದಾಗ ನೋವಾಗುವುದು ಸಹಜ, ಅದು ಮಾನವಧರ್ಮ. ನೋವಿನಿಂದ ದೂರಿಗೆ ಜಿಗಿಯುವುದು ಮಾತ್ರ ಸಹಜವಲ್ಲ; ಅದು ಕಲಿತದ್ದು. ‘ನನಗೆ ಸಿಗಲಿಲ್ಲ’ ಎಂಬುದಕ್ಕೂ ‘ನನಗೆ ಸಲ್ಲಬೇಕಾದ್ದು ಸಲ್ಲಲಿಲ್ಲ’ ಎಂಬುದಕ್ಕೂ ನಡುವೆ ಒಂದು ಗೆರೆಯಿದೆ. ದಿನಗಳು ಕಡಿಮೆ ಇದ್ದಷ್ಟೂ ಆ ಗೆರೆಯನ್ನು ದಾಟದಿರುವುದು ಮುಖ್ಯವಾಗುತ್ತದೆ. ಏಕೆಂದರೆ ದೂರು ಹೇಳುವವನ ಕಣ್ಣು ಬಾರದಿದ್ದುದರ ಮೇಲೆ ನೆಟ್ಟಿರುತ್ತದೆ. ಪಕ್ಕದಲ್ಲಿ ಕೊಡೆಯ ಕೆಳಗೆ ನಿಂತ ತಾಯಿ ಅವನಿಗೆ ಕಾಣುವುದಿಲ್ಲ. ಇರುವುದು ಒಂದೇ ದಿನವಾದರೆ, ಆ ದಿನ ಮಳೆಯನ್ನು ಬೈಯುವುದಕ್ಕೆ ಒಂದು ಗಂಟೆಯಾದರೂ ಎಲ್ಲಿದೆ?

ತೋರಿಸುವವರ ಸಂಕಟವನ್ನೂ ಇಲ್ಲಿ ನೆನೆಯಬೇಕು. ‘ನಿಮಗೇನೂ ತೋರಿಸಲಾಗಲಿಲ್ಲ’ ಎಂಬ ಮಾತನ್ನು ನಮ್ಮಲ್ಲಿ ಆಡದವರಿಲ್ಲ. ಮನೆಗೆ ನೆಂಟರು ಬಂದಾಗ ನಾವೂ ಹಾಗೆಯೇ ಪರದಾಡುತ್ತೇವೆ. ಬಳ್ಳಿಗಾವಿ, ಬಂದಳಿಕೆ, ಚಂದ್ರಗುತ್ತಿ ಎಲ್ಲವನ್ನೂ ಎರಡು ದಿನದಲ್ಲಿ ತೋರಿಸಿಬಿಡಬೇಕು. ನಡುವೆ ಮಳೆ ಹಿಡಿದರೆ ನಮಗೇ ಅವಮಾನ. ತೋರಿಸುವುದು ಪ್ರೀತಿಯ ಒಂದು ರೀತಿ, ಅಲ್ಲಗಳೆಯಲಾರೆ. ಆದರೆ ಗುಡಿಯ ಕಲ್ಲುಕಂಬವನ್ನು ನಾವು ಮಾಡಿಲ್ಲ, ಮಳೆಯನ್ನು ನಾವು ಕರೆದಿಲ್ಲ. ನಮ್ಮದಾಗಿ ಕೊಡಬಹುದಾದದ್ದು ಜೊತೆ ಒಂದೇ. ಅದಕ್ಕೆ ಹವಾಮಾನ ಅಡ್ಡ ಬರುವುದಿಲ್ಲ. ಮಳೆ ಬಂದು ಹೊರಗೆ ಹೊರಡಲಾಗದ ದಿನ ಜಗಲಿಯಲ್ಲಿ ಕುಳಿತು ಹಲಸಿನ ಹಪ್ಪಳ ಮುರಿಯುತ್ತ ಮಾತಾಡಿದ ನೆಂಟರು, ಏಳು ಗುಡಿ ನೋಡಿ ಹೋದ ನೆಂಟರಿಗಿಂತ ನಮ್ಮನ್ನು ಹೆಚ್ಚು ನೆನೆಯುತ್ತಾರೆ.

ಈಗೀಗ ಮಳೆಗಾಲದಲ್ಲಿಯೇ ಮಲೆನಾಡು ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ. ‘ಮಳೆ ನೋಡಲು ಬಂದೆವು, ಮಳೆಯೇ ಇಲ್ಲ’ ಎಂದು ಅವರು ಬೇಸರಪಡುವುದನ್ನೂ ಕೇಳಿದ್ದೇನೆ. ಬಂದರೆ ಒಬ್ಬನ ದಿನ ಹಾಳು, ಬಾರದಿದ್ದರೆ ಇನ್ನೊಬ್ಬನ ದಿನ ಹಾಳು. ಪಾಪ, ಆರಿದ್ರೆ ಯಾರ ಪಟ್ಟಿಯನ್ನು ಕೇಳಿ ಬರಬೇಕು? ಅದು ಬರುವುದು ಬಿಡುವುದು ಗದ್ದೆಯವನ ಬದುಕಿಗೆ ಸಂಬಂಧಿಸಿದ್ದು. ಬಾರದಿದ್ದಾಗ ಅವನು ಮುಗಿಲು ನೋಡುತ್ತ ಕಾಯುತ್ತಾನೆ. ಕಾಯುವುದು ಅವನಿಗೆ ಅಭ್ಯಾಸ. ಆ ಅಭ್ಯಾಸದಲ್ಲಿ ಸ್ವಲ್ಪವನ್ನು ನಾವೂ ಪ್ರವಾಸದ ಗಂಟಿನಲ್ಲಿ ಕಟ್ಟಿಕೊಂಡು ಹೊರಡುವುದು ಒಳ್ಳೆಯದು. ಕೊಡೆಯಂತೂ ಹೇಗೂ ಇದ್ದೇ ಇರುತ್ತದೆ.